ಹೊದ್ದು ಮಲಗಿದ ಮನ್ಮಥ

ನಾನು ಹೆದರಿದ ದೇವರು ಒಬ್ಬನೇ. ಹೀಗೆಂದರೆ ಭಕ್ತರು ಬೇಸರ ಮಾಡಿಕೊಳ್ಳಬಾರದು. ಶನಿವಾರ ಎಳ್ಳೆಣ್ಣೆ ದೀಪ ಹಚ್ಚುವುದು ಮರೆತ ದಿನವೂ ನನಗೆ ಚೆನ್ನಾಗಿ ನಿದ್ದೆ ಬಂದಿದೆ. ಚೌತಿಯ ಚಂದ್ರನನ್ನು ಕಣ್ಣಾರೆ ನೋಡಿಯೂ ವರ್ಷವಿಡೀ ಯಾವ ಅಪವಾದವೂ ಇಲ್ಲದೆ ಓಡಾಡಿಕೊಂಡಿದ್ದೇನೆ. ಒಂದು ವಾರ ಅನ್ನ ಸೇರದಂತೆ ನನ್ನನ್ನು ಕಾಡಿದ ದೇವರು ನಮ್ಮವನೂ ಅಲ್ಲ, ನಾನಿದ್ದ ಊರಿನವರಿಗೆ ಸೇರಿದವನೂ ಅಲ್ಲ. ಎರಡು ತಿಂಗಳ ಕೂಸಿನಷ್ಟು ಎತ್ತರ, ಗುಂಗುರು ಕೂದಲು, ಬೆನ್ನಿಗೆ ರೆಕ್ಕೆ, ಕೈಯಲ್ಲಿ ಬಿಲ್ಲು, ಮೈಮೇಲೆ ಒಂದು ಎಳೆ ನೂಲಿಲ್ಲ. ರೋಮನ್ನರ ಪ್ರೇಮದೇವರು. ಪೂಜಿಸುವವರು ಯಾರೂ ಉಳಿಯದೆ ಎಷ್ಟೋ ಶತಮಾನಗಳಿಂದ ನಿರುದ್ಯೋಗಿಯಾಗಿ, ಶುಭಾಶಯದ ಕಾರ್ಡುಗಳ ಮೇಲೂ ಚಾಕೊಲೇಟ್ ಡಬ್ಬಿಗಳ ಮೇಲೂ ಹೊಟ್ಟೆ ಹೊರೆದುಕೊಳ್ಳುತ್ತಿದ್ದವನು ಅದು ಹೇಗೋ ಜೆಡ್ಡಾದಲ್ಲಿದ್ದ ನಮ್ಮ ಮನೆಗೆ ಬಂದು ಸೇರಿಕೊಂಡ. ಅದೂ ಮೇಜಿನ ಮೇಲಿಡುವ ದೀಪದ ಕಂಬವಾಗಿ.

ತೊಂಬತ್ತರ ದಶಕದ ಮಾತು. ಮೈಸೂರಿನಿಂದ ಹೋಗಿ ಅಲ್ಲಿನ ಒಂದು ಹವಾನಿಯಂತ್ರಣ ಕಂಪನಿಯಲ್ಲಿ ಎಂಜಿನಿಯರಾಗಿದ್ದೆ. ಮದುವೆಯಾದ ಮೇಲೂ ಬಹಳ ಕಾಲ ಒಂಟಿಯಾಗಿ ಬೇಳೆ ಬೇಯಿಸಿಕೊಂಡು, ಕೊನೆಗೊಮ್ಮೆ ಕುಟುಂಬದ ವೀಸಾ ಸಿಕ್ಕಿ ಹೆಂಡತಿಯನ್ನು ಕರೆಸಿಕೊಂಡಿದ್ದೆ. ಮಕ್ಕಳಿನ್ನೂ ಆಗಿರಲಿಲ್ಲ. ಒಂದು ಹಾಲು, ಒಂದು ಮಲಗುವ ಕೋಣೆ, ಒಂದು ಅಡುಗೆಮನೆಯ ಫ್ಲಾಟು ನಮ್ಮದು. ಅದರೊಳಗಿನ ಸಾಮಾನೆಲ್ಲ ಬೇರೆಯವರದು. ಗುತ್ತಿಗೆ ಮುಗಿದು ಪಾಸ್‌ಪೋರ್ಟಿಗೆ ಎಕ್ಸಿಟ್ ಮುದ್ರೆ ಹೊಡೆಸಿಕೊಂಡು ಹೋಗುವವರ ಸಾಮಾನು ಉಳಿದವರ ಮನೆ ಸೇರುವುದು ಅಲ್ಲಿನ ರೂಢಿ. ಹೀಗಾಗಿ ನಮ್ಮ ಸೋಫಾ ಫಿಲಿಪೀನ್ಸಿನದು, ಫ್ರಿಜ್ಜು ಈಜಿಪ್ಟಿನದು, ಮಂಚ ಪಾಕಿಸ್ತಾನದ್ದು. ಯುದ್ಧವಾಗದೆ ಎಲ್ಲವೂ ಒಂದೇ ಸೂರಿನಡಿ ಬಾಳುತ್ತಿದ್ದವು. ನನ್ನ ಪಕ್ಕದ ಮೇಜಿನ ಇಟಲಿಯ ಬ್ರೂನೊ ಊರಿಗೆ ಹೊರಟಾಗ ನನ್ನ ಕಣ್ಣಿದ್ದದ್ದು ಅವನ ಇಸ್ತ್ರಿ ಮೇಜಿನ ಮೇಲೆ. ಅವನು ಮಾತ್ರ ಹಳೆಯ ಕಂಬಳಿಯಲ್ಲಿ ಸುತ್ತಿದ್ದ ಒಂದು ಗಂಟನ್ನು ನನ್ನ ತೋಳಿಗೆ ಹಾಕಿ, "ನನ್ನ ಅಜ್ಜಿಯದು. ಹೊಸದಾಗಿ ಸಂಸಾರ ಹೂಡಿದವನಿಗೇ ಇದು ಸಲ್ಲಬೇಕು" ಎಂದ. ಬಿಚ್ಚಿ ನೋಡಿದರೆ ಪಿಂಗಾಣಿಯ ಈ ಪೋರ. ತಲೆಯ ಹಿಂದೆ ಬಲ್ಬು, ಪಾದದ ಹತ್ತಿರ ವೈರು. ಸುಂಕದವರ ಕಣ್ಣು ತಪ್ಪಿಸಿ ಅದು ಒಳಗೆ ಬಂದದ್ದು ಹೇಗೆಂದು ಅವನೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

"ಬಿಲ್ಲಿದೆ, ಬಾಣ ಎಲ್ಲಿ?" ಎಂದು ಕೇಳಿದೆ. "ನನ್ನ ಹೆಂಡತಿಗೆ ಹೊಡೆದುಬಿಟ್ಟೆ" ಎಂದು ಬ್ರೂನೊ ಕಣ್ಣು ಮಿಟುಕಿಸಿದ. ಆಮೇಲೆ ಹೆಸರಿನ ಪಾಠವಾಯಿತು. ಇವನಿಗೆ ರೋಮಿನಲ್ಲಿ ಎರಡು ಹೆಸರಂತೆ: ಕ್ಯುಪಿಡ್ ಎಂದರೆ ಆಸೆ, ಅಮೋರ್ ಎಂದರೆ ಪ್ರೀತಿ. ಗ್ರೀಕರು ಇವನನ್ನೇ ಮೊದಲು ಎರೋಸ್ ಎಂದು ಕರೆಯುತ್ತಿದ್ದರಂತೆ. ಬರೀ ಮೂರು! ಪರದೇಶದಲ್ಲಿದ್ದಾಗ ಎಂಥವನಿಗೂ ದೇಶಾಭಿಮಾನ ಉಕ್ಕುತ್ತದೆ. ನಾನು ಎದೆಯುಬ್ಬಿಸಿ, ಮನ್ಮಥ, ಮದನ, ಮಾರ, ಸ್ಮರ, ಕಂದರ್ಪ, ಅನಂಗ, ಮನಸಿಜ, ಪಂಚಬಾಣ, ಮಕರಧ್ವಜ ಎಂದು ಉಸಿರು ಕಟ್ಟುವ ತನಕ ಹೇಳಿದೆ. ಬ್ರೂನೊ ಗಂಭೀರವಾಗಿ ತಲೆಯಾಡಿಸಿ, "ಹೀಗೋ! ನಿಮ್ಮ ದೇಶದ ಜನಸಂಖ್ಯೆ ಈಗ ನನಗೆ ಅರ್ಥವಾಯಿತು" ಎಂದ.

ಅವನು ಹೋದ ಮೇಲೆ ಆ ದೀಪದ ಬೆಳಕಿನಲ್ಲಿ ಕೂತು ನಾನು ಇಬ್ಬರು ಪ್ರೇಮದೇವರನ್ನೂ ಎಷ್ಟೋ ಸಂಜೆ ಹೋಲಿಸಿ ನೋಡಿದ್ದೇನೆ. ನಮ್ಮ ಮನ್ಮಥ ಸಂಸಾರವಂದಿಗ. ಮನೆಯಲ್ಲಿ ರತಿದೇವಿ ಇದ್ದಾಳೆ, ಓಡಾಡಲು ಗಿಳಿ ಇದೆ. ಬಿಲ್ಲು ಕಬ್ಬಿನದು, ಹಸಿವಾದರೆ ಅದನ್ನೇ ಸಿಗಿದು ತಿನ್ನಬಹುದು. ಮಂಡ್ಯದ ಕಡೆಯವನಿರಬೇಕೆಂದು ನನ್ನ ಗುಮಾನಿ. ಶಿವನ ತಪಸ್ಸಿಗೆ ಅಡ್ಡ ಹೋಗಿ ಸುಟ್ಟು ಬೂದಿಯಾದರೂ ಕೆಲಸ ಬಿಡದೆ, ಅನಂಗನೆಂದು ಹೆಸರಿಟ್ಟುಕೊಂಡು ಮೈಯಿಲ್ಲದೆಯೇ ಓಡಾಡುತ್ತಿದ್ದಾನೆ. ಮೈಯೇ ಇಲ್ಲದವನಿಗೆ ಬಟ್ಟೆಯ ಚಿಂತೆಯಿಲ್ಲ, ವೀಸಾದ ಚಿಂತೆಯೂ ಇಲ್ಲ. ರೋಮಿನವನಾದರೋ ಅಮ್ಮನ ಮಗ. ತಾಯಿ ವೀನಸ್ಸು ಹೇಳಿದವರಿಗೆಲ್ಲ ಬಾಣ ಬಿಡುತ್ತಾ ತಿರುಗುವವನು. ಚಿನ್ನದ ಮೊನೆ ತಗುಲಿದವರು ಪ್ರೀತಿಸುತ್ತಾರೆ, ಸೀಸದ ಮೊನೆ ತಗುಲಿದವರು ಎದುರಿನವರನ್ನು ಕಂಡರೆ ಓಡುತ್ತಾರೆ. ನಮ್ಮ ಆಫೀಸಿನ ರಜೆ ಮಂಜೂರು ಮಾಡುವ ವಿಭಾಗದವರಿಗೆಲ್ಲ ಸೀಸದ್ದೇ ತಗುಲಿತ್ತು. ದೊಡ್ಡವನಾದ ಮೇಲೆ ಇವನು ಸೈಕಿ ಎಂಬ ಚೆಲುವೆಯನ್ನು ಮದುವೆಯಾದ. ಆದರೆ ಕತ್ತಲಾದ ಮೇಲಷ್ಟೇ ಮನೆಗೆ ಬರುತ್ತಿದ್ದ, ಹೆಂಡತಿ ಅವನ ಮುಖ ನೋಡುವಂತಿಲ್ಲ, ಯಾರೆಂದು ಕೇಳುವಂತಿಲ್ಲ. ಈ ಕತೆಯನ್ನು ನನ್ನ ಹೆಂಡತಿಗೆ ಹೇಳಿದಾಗ ಅವಳು ಅಕ್ಕಿ ಆರಿಸುತ್ತಾ, "ಬೇಸಿಗೇಲಿ ಓವರ್‌ಟೈಮ್ ಇದ್ದಾಗ ನೀವೂ ಹಾಗೇ ಅಲ್ವೇನ್ರೀ" ಎಂದುಬಿಟ್ಟಳು.

ಅವಳಿಗೆ ಪುರಾಣಕ್ಕಿಂತ ಬಟ್ಟೆಯ ಚಿಂತೆಯೇ ದೊಡ್ಡದಾಗಿತ್ತು. ಮೊದಲ ದಿನವೇ, "ಅಯ್ಯೋ ರಾಮ, ಬಟ್ಟೆ ಇಲ್ಲದ ಮಗೂನ ಹಾಲ್‌ನಲ್ಲಿ ನಿಲ್ಲಿಸ್ತೀರಾ? ಬಂದೋರು ಏನಂದ್ಕೋಬೇಕು!" ಎಂದಿದ್ದಳು. ಅದು ನಿಜವೇ. ಅಂಗಡಿಗೆ ಬರುವ ವಿದೇಶಿ ಪತ್ರಿಕೆಗಳಲ್ಲಿ ತೋಳು ಕಾಣುವ ಹೆಂಗಸರಿಗೆಲ್ಲ ಕಪ್ಪು ಮಸಿಯ ಕುಪ್ಪಸ ಬಳಿದು ಮಾರುತ್ತಿದ್ದ ಊರದು. ಅವಳ ತವರಿನಲ್ಲಿ ಬಾಲಕೃಷ್ಣನಿಗೆ ಅಂಗಿ ಹೊಲಿದು ತೊಡಿಸುವ ಸಂಪ್ರದಾಯವಿತ್ತು. ಮಾವಿನಹಣ್ಣಿನ ಬಣ್ಣದ ರವಿಕೆ ರೇಷ್ಮೆಯ ತುಂಡು ತೆಗೆದು ಕೂತೇಬಿಟ್ಟಳು. ಬಾಲಕೃಷ್ಣನಿಗೆ ರೆಕ್ಕೆ ಇರುವುದಿಲ್ಲ, ಇವನಿಗಿದೆ. ಬೆನ್ನಿನಲ್ಲಿ ಎರಡು ಸೀಳು ಬಿಟ್ಟು ಗುಂಡಿ ಹಾಕಬೇಕಾಯಿತು. ಬಿಲ್ಲು ಕೈಗೆ ಅಂಟಿಕೊಂಡಿದ್ದರಿಂದ ಆ ಕಡೆಯ ತೋಳಿಗೆ ಉದ್ದಕ್ಕೂ ಹುಕ್ಕು. ಕೆಳಗೆ ಜರಿ ಅಂಚಿನ ಚಡ್ಡಿ. ನೋಡನೋಡುತ್ತಾ ಅವನಿಗೆ ದಿನಬಳಕೆಯದೊಂದು, ಹಬ್ಬದ್ದೊಂದು ಜೊತೆ ಬಟ್ಟೆಯಾಯಿತು. ನಾನು ದಿನವಿಡೀ ಆಫೀಸಿನಲ್ಲಿ. ಅವಳು ಒಬ್ಬಳೇ ಹೊರಗೆ ಹೋಗುವಂತಿಲ್ಲ, ಮಾತಿಗೆ ನೆರೆಯಿಲ್ಲ. ಹೊತ್ತು ಹೋಗಲಿ ಎಂದು ನಾನು ಸುಮ್ಮನಿದ್ದೆ.

ಹೀಗಿರುವಾಗ ಜಿಜಾನಿನ ಸುದ್ದಿ ಬಂತು. ದಕ್ಷಿಣದ ಆ ಬಂದರಿನಲ್ಲಿ ಕಂಪನಿಗೆ ದೊಡ್ಡ ಕೆಲಸ ಸಿಕ್ಕಿತ್ತು. ನಮ್ಮ ವಿಭಾಗದಿಂದ ಒಬ್ಬ ಎಂಜಿನಿಯರು ಹೋಗಬೇಕು, ಎರಡು ವರ್ಷ. ಅಲ್ಲಿರುವುದು ಗಂಡಸರ ಕ್ಯಾಂಪು, ಸಂಸಾರಕ್ಕೆ ಜಾಗವಿಲ್ಲ. ನಾನು ಹೋದರೆ ಹೆಂಡತಿ ಊರಿನ ವಿಮಾನ ಹತ್ತಬೇಕು. ಯಾರನ್ನು ಕಳಿಸಬೇಕೆಂದು ತೀರ್ಮಾನಿಸುವವರು ನಮ್ಮ ಮೇಲಧಿಕಾರಿ ಅಬು ಫಹದ್. ಹಾಗೆಂದರೆ ಫಹದನ ಅಪ್ಪ. ಹಿರಿಯ ಮಗನ ಹೆಸರಿನಿಂದಲೇ ತಂದೆತಾಯಿಯನ್ನು ಕರೆಯುವುದು ಅವರ ಪದ್ಧತಿ. ಮಾತು ಕಡಿಮೆ, ಗಡ್ಡ ಬಿಳಿ, ಐದು ಹೊತ್ತಿನ ನಮಾಜಿನಲ್ಲಿ ಒಂದೂ ತಪ್ಪಿಸದ ಮನುಷ್ಯ. ಅವರ ಮುಂದೆ ನಿಂತು 'ನನ್ನನ್ನು ಕಳಿಸಬೇಡಿ' ಎನ್ನಲು ನನಗೆ ನಾಲಿಗೆ ಏಳಲಿಲ್ಲ. ಅಷ್ಟು ಕಾದು ಕರೆಸಿಕೊಂಡವಳನ್ನು ಮತ್ತೆ ಕಳಿಸುವುದನ್ನು ನೆನೆದು ಆಫೀಸಿನಲ್ಲಿ ಲೆಕ್ಕ ತಪ್ಪತೊಡಗಿದೆ. ಅವಳಿಗೂ ಹಾಗೇ ಆಗಿತ್ತೇನೋ, ಸಾರಿಗೆ ಉಪ್ಪು ಹಾಕುವುದು ಮರೆಯತೊಡಗಿದಳು. ಇಬ್ಬರೂ ಆ ವಿಷಯ ಎತ್ತದೆ ಸಪ್ಪೆ ಸಾರು ಉಂಡು ಏಳುತ್ತಿದ್ದೆವು.

ಆ ಗಾಬರಿಯಲ್ಲೇ ನಾನು ಒಂದು ಎಡವಟ್ಟು ಮಾಡಿದೆ. ಲಿಫ್ಟಿನಲ್ಲಿ ಅಬು ಫಹದ್ ಒಬ್ಬರೇ ಸಿಕ್ಕಾಗ ಏನು ಮಾತಾಡುವುದೆಂದು ತೋಚದೆ, "ಒಮ್ಮೆ ನಮ್ಮ ಮನೆ ಕಡೆ ಬನ್ನಿ ಸಾರ್" ಎಂದೆ. ಮೈಸೂರಿನಲ್ಲಿ ಇದು ಆಹ್ವಾನವಲ್ಲ, ಬರೀ ಉಪಚಾರದ ಮಾತು. ಹೇಳಿದವನೂ ಕೇಳಿದವನೂ ಮುಂದಿನ ತಿರುವಿನಲ್ಲಿ ಮರೆತುಬಿಡಬೇಕಾದದ್ದು. ಆದರೆ ಅರಬರ ನಾಡಿನಲ್ಲಿ ಮನೆಗೆ ಕರೆದದ್ದೆಂದರೆ ಕರೆದದ್ದೇ. ಅವರು ಎದೆಯ ಮೇಲೆ ಕೈಯಿಟ್ಟು, "ಇನ್ಶಾ ಅಲ್ಲಾ, ಗುರುವಾರ ಸಂಜೆ ಮಗ್ರಿಬ್ ನಮಾಜಿನ ನಂತರ" ಎಂದರು.

ನಮಗೆ ಆ ಊರಿನಲ್ಲಿ ಹಿರಿಯಣ್ಣನಂತಿದ್ದವರು ಶರಫಿಯಾ ಪೇಟೆಯಲ್ಲಿ ಬಟ್ಟೆ ಅಂಗಡಿ ಇಟ್ಟಿದ್ದ ಭಟ್ಕಳದ ಖಾದರ್ ಸಾಹೇಬರು. ಓಡಿಹೋಗಿ ಅವರನ್ನೇ ಮನೆಗೆ ಕರೆತಂದೆ. ಅವರು ಹಾಲಿನ ನಡುವೆ ನಿಂತು, ಮದುವೆ ಮನೆಯ ಚಪ್ಪರ ನೋಡುವಂತೆ ನಾಲ್ಕೂ ಮೂಲೆ ನೋಡಿದರು.

"ನೋಡಿ ಮಾರಾಯ್ರೆ, ಏನು ಕೊಡುವುದಿದ್ದರೂ ಬಲಗೈಯಲ್ಲೇ ಕೊಡಿ. ಅವರು ಸಾಕು ಅಂತ ಕಪ್ಪು ಅಲ್ಲಾಡಿಸುವವರೆಗೆ ಕಾಫಿ ಹಾಕ್ತಾ ಇರಿ. ಮನೆಯವರೆಲ್ಲ ಹೇಗಿದ್ದಾರೆ ಅಂತ ಕೇಳಿ, ಹೆಂಡತಿ ಹೇಗಿದ್ದಾರೆ ಅಂತ ಮಾತ್ರ ಕೇಳ್ಬೇಡಿ. ಎಲ್ಲ ಸಮ ಉಂಟು. ಆದ್ರೆ ಇದು ಎಂತ? ಈ ರೆಕ್ಕೆಯ ಪೋರನನ್ನು ಒಳಗೆ ಹಾಕಿ ಮೊದಲು."

"ಅದು ದೀಪ ಅಷ್ಟೇ ಸಾಹೇಬ್ರೆ. ಚಾಕೊಲೇಟ್ ಡಬ್ಬಿ ಮೇಲಿರ್ತಾನಲ್ಲ, ಅವನು" ಎಂದೆ.

"ಡಬ್ಬಿಯ ಮೇಲಿನವನಿಗೆ ರೇಷ್ಮೆ ಅಂಗಿ ಹಾಕ್ತಾರಾ? ನೋಡಿದವರು ನೀವು ಪೂಜೆ ಮಾಡ್ತೀರಿ ಅಂತಲೇ ತಿಳ್ಕೊಳ್ತಾರೆ."

"ಹಾಗಾದ್ರೆ ಬಟ್ಟೆ ಬಿಚ್ಚಿಬಿಡ್ಲಾ?"

"ಯಾ ಅಲ್ಲಾ! ಅದು ಇನ್ನೂ ಕಷ್ಟ ಮಾರಾಯ್ರೆ!" ಎಂದು ಸಾಹೇಬರು ತಮ್ಮ ಕಣ್ಣನ್ನೇ ಮುಚ್ಚಿಕೊಂಡರು.

ಬಟ್ಟೆ ಬಿಚ್ಚಿದರೆ ಅಸಭ್ಯ, ತೊಡಿಸಿದರೆ ವಿಗ್ರಹ. ಎರಡರಲ್ಲಿ ಯಾವುದು ಕಣ್ಣಿಗೆ ಬಿದ್ದರೂ ಜಿಜಾನ್ ಖಚಿತ, ಅದಕ್ಕಿಂತ ಕೆಟ್ಟದ್ದೂ ಆಗಬಹುದು ಎಂದು ನನ್ನ ತಲೆ ಲೆಕ್ಕ ಹಾಕಿತು. ಇಡೀ ವಾರ ಹೀಗೇ ಒದ್ದಾಡಿದೆ. ಗುರುವಾರ ಸಂಜೆ ಹೆಂಡತಿ ಅಡುಗೆಮನೆಯಲ್ಲಿ ಬೋಂಡ ಕರಿಯುತ್ತಿದ್ದಾಗ ನಾನು ದೀಪವನ್ನು ಎತ್ತಿಕೊಂಡು ಮಲಗುವ ಕೋಣೆಗೆ ಹೋದೆ. ಕಪಾಟಿನಲ್ಲಿ ಇಡೋಣವೆಂದರೆ ರೆಕ್ಕೆ ಹಿಡಿಸಲಿಲ್ಲ. ಮಂಚದ ಕೆಳಗೆ ಊರಿಗೆ ಒಯ್ಯುವ ಸೂಟ್‌ಕೇಸುಗಳು. ಅಷ್ಟರಲ್ಲಿ ಬಾಗಿಲ ಗಂಟೆ ಸದ್ದು ಮಾಡಿತು. ಬಲ್ಬು ಕಳಚಿ, ಅವನನ್ನು ಮಂಚದ ಮೇಲೆ ಮಗ್ಗುಲಾಗಿ ಮಲಗಿಸಿ ಹೊದಿಕೆ ಎಳೆದೆ. ಮುಖವನ್ನೂ ಪೂರ್ತಿ ಮುಚ್ಚಿದರೆ ಅಪಶಕುನದಂತೆ ಕಂಡಿತು. ಗಲ್ಲದವರೆಗೆ ಸರಿಸಿ, ಬಾಗಿಲು ಎಳೆದುಕೊಂಡು ಬಂದೆ. ಪರಪುರುಷರು ಯಾರೂ ಮಲಗುವ ಕೋಣೆಗೆ ಕಾಲಿಡುವುದಿಲ್ಲವಲ್ಲ ಎಂಬ ಧೈರ್ಯ.

ಮುಂಬಾಗಿಲು ತೆರೆದರೆ ಅಬು ಫಹದರ ಹಿಂದೆ ಕಪ್ಪು ಅಬಾಯಾದಲ್ಲಿ ಉಮ್ಮ್ ಫಹದ್. ಫಹದನ ಅಮ್ಮ. ಅವರೂ ಬರಬಹುದೆಂದು ನನಗಾಗಲಿ ಖಾದರ್ ಸಾಹೇಬರಿಗಾಗಲಿ ಹೊಳೆದೇ ಇರಲಿಲ್ಲ. ಅರಬರ ಮನೆಗಳಲ್ಲಿ ಗಂಡಸರು ಹೊರಗೆ, ಹೆಂಗಸರು ಒಳಗೆ. ನಮ್ಮ ಮನೆಯಲ್ಲಿ ಒಳಗೆ ಎಂದರೆ ಇದ್ದದ್ದು ಒಂದೇ ಕೋಣೆ. ನಾನು ಬಾಯಿ ತೆರೆಯುವ ಮೊದಲೇ ಹೆಂಡತಿ ಸೆರಗಿಗೆ ಕೈ ಒರೆಸಿಕೊಂಡು ಬಂದು, ನಗುನಗುತ್ತಾ ಅವರನ್ನು ಮಲಗುವ ಕೋಣೆಗೆ ಕರೆದೊಯ್ದು ಬಾಗಿಲು ಮುಚ್ಚಿಕೊಂಡಳು. ಇನ್ನು ಆ ಬಾಗಿಲು ನನ್ನ ಪಾಲಿಗೆ ಕಬ್ಬಿಣದ ಕೋಟೆ. ಒಳಗೆ ಹೆಣ್ಣುಮಗಳು ಮುಸುಕು ತೆಗೆದು ಕೂತಿರುತ್ತಾರೆ. ನಾನು ಹೋಗುವುದಿರಲಿ, ಆ ಕಡೆ ಕತ್ತು ಹೊರಳಿಸುವುದೂ ತಪ್ಪು.

ನಾನು ಬಲಗೈಯಲ್ಲಿ ಕಾಫಿ ಸುರಿದೆ. ಅರ್ಧ ಕಪ್ಪಿಗೆ, ಅರ್ಧ ಅವರ ಬಿಳಿ ನಿಲುವಂಗಿಗೆ. ಅಷ್ಟರಲ್ಲಿ ಒಳಗಿನಿಂದ, "ಮಾಶಾ ಅಲ್ಲಾ!" ಎಂಬ ಸಂಭ್ರಮದ ದನಿ ಕೇಳಿಸಿತು. ಅದರ ಹಿಂದೆಯೇ ಒಂದು ಚೀತ್ಕಾರ. ಆಮೇಲೆ ಏನೂ ಇಲ್ಲ. ಅಬು ಫಹದ್ ಅರ್ಧ ಎದ್ದರು, ನಾನೂ ಅರ್ಧ ಎದ್ದೆ. ಅವರು ಒಳಗೆ ಹೋದರೆ ನನ್ನ ಹೆಂಡತಿ ಇದ್ದಾಳೆ, ನಾನು ಹೋದರೆ ಅವರ ಹೆಂಡತಿ ಇದ್ದಾರೆ. ಇಬ್ಬರೂ ಮತ್ತೆ ಕೂತೆವು.

"ನಿಮಗೆ ಮಗುವಿದೆಯೇ?" ಎಂದು ಅವರು ಇಂಗ್ಲಿಷಿನಲ್ಲಿ ಕೇಳಿದರು.

"ಇಲ್ಲ ಸಾರ್. ಅದು ದೀಪ."

"ದೀಪವೇ? ಎಲ್ಲಿದೆ?"

"ಹಾಸಿಗೆಯಲ್ಲಿ ಸಾರ್. ಮಲಗಿದೆ."

ಅವರು ನನ್ನನ್ನು ಬಹಳ ಹೊತ್ತು ನೋಡಿದರು. ಬಿಸಿಲಿಗೆ ಬುದ್ಧಿ ಕೆಟ್ಟ ಎಂಜಿನಿಯರುಗಳನ್ನು ಅವರು ಮೊದಲೂ ಕಂಡಿರಬೇಕು. ಆಗ ಒಳಗಿನಿಂದ ನಗು ಶುರುವಾಯಿತು. ಮೊದಲು ಒಬ್ಬರದು, ಆಮೇಲೆ ಇಬ್ಬರದು. ಆ ನಗು ಏರಿ, ಇಳಿದು, ಕೆಮ್ಮಾಗಿ, ಮತ್ತೆ ನಗುವಾಯಿತು. ನಂತರ ಬಹಳ ಹೊತ್ತು ಪಿಸುಮಾತು. ಹೊರಗೆ ನಾವಿಬ್ಬರು ಬೋಂಡದ ತಟ್ಟೆಯನ್ನು ನಡುವೆ ಇಟ್ಟುಕೊಂಡು, ಹೆರಿಗೆ ಕೋಣೆಯ ಹೊರಗಿನ ಗಂಡಸರ ಹಾಗೆ ಕೂತಿದ್ದೆವು. ರಾತ್ರಿಯ ಇಶಾ ನಮಾಜಿನ ಬಾಂಗು ಕೇಳಿದಾಗ ಅಬು ಫಹದ್ ಎದ್ದರು, ಬಾಗಿಲು ತೆರೆಯಿತು, ಕಪ್ಪು ಮುಸುಕಿನ ಉಮ್ಮ್ ಫಹದ್ ಹೊರಬಂದರು. ಮುಸುಕಿನೊಳಗೆ ಭುಜಗಳು ಇನ್ನೂ ಕುಲುಕುತ್ತಿದ್ದವು.

ಒಳಗೆ ನಡೆದದ್ದನ್ನು ಹೆಂಡತಿ ಆಮೇಲೆ ಹೇಳಿದಳು. ಆಕೆ ಮಂಚದ ಮೇಲೆ ಗುಂಗುರು ಕೂದಲಿನ ಮಗು ಕಂಡು ಎತ್ತಿಕೊಳ್ಳಲು ಹೋಗಿದ್ದಾರೆ. ಹೊದಿಕೆಯಿಂದ ಇಳಿಬಿದ್ದ ವೈರು ನೋಡಿ, ಪಾಪ, ಕಾಯಿಲೆಯ ಕೂಸು, ಆಸ್ಪತ್ರೆಯ ನಳಿಗೆ ಹಾಕಿದ್ದಾರೆ ಎಂದುಕೊಂಡಿದ್ದಾರೆ. ಕೆನ್ನೆ ಮುಟ್ಟಿದರೆ ಮಂಜಿನ ಹಾಗೆ ತಣ್ಣಗಿದೆ. ಅದೇ ಆ ಚೀತ್ಕಾರ. ನನ್ನ ಹೆಂಡತಿ ಹೊದಿಕೆ ತೆಗೆದು, ಬಲ್ಬು ಸಿಕ್ಕಿಸಿ, ಸ್ವಿಚ್ಚು ಒತ್ತಿ ತೋರಿಸಿದಳಂತೆ. ಬೆಳಗಿದ ಮಗುವನ್ನು ನೋಡಿ ಆಕೆ ನೆಲಕ್ಕೆ ಕೂತು ನಕ್ಕರಂತೆ. ಆಮೇಲೆ ಅಂಗಿ ತಿರುಗಿಸಿ, ರೆಕ್ಕೆಯ ಸೀಳು, ಗುಂಡಿ, ಹುಕ್ಕು ಎಲ್ಲ ನೋಡಿ, ದೀಪಕ್ಕೆ ಇಷ್ಟೊಂದು ಬಟ್ಟೆ ಯಾಕೆ ಎಂದು ಸನ್ನೆಯಲ್ಲಿ ಕೇಳಿದರಂತೆ.

"ನೀನೇನು ಹೇಳಿದೆ?" ಎಂದೆ.

"ನಂಗೆ ಅರಬಿ ಎಲ್ಲಿ ಬರುತ್ರೀ? ಬೆಳಗ್ಗೆಯಿಂದ ಸಂಜೆ ತನಕ ಒಬ್ಬಳೇ ಅಂತ ಕೈಯಲ್ಲೇ ತೋರಿಸಿದೆ. ಇನ್ನು ಇವರು ಜಿಜಾನ್, ನಾನು ಹಿಂದ್ ಅಂತ ವಿಮಾನ ಮಾಡಿ ತೋರಿಸಿದೆ. ಆಮೇಲೆ ತೋರಿಸಕ್ಕೆ ಆಗಲಿಲ್ಲ, ಅಳು ಬಂದ್ಬಿಡ್ತು. ಆಯಮ್ಮ ನನ್ನ ಕಣ್ಣು ಒರೆಸಿ ಬೇಡ ಬೇಡ ಅನ್ನೋ ಹಾಗೆ ತಲೆ ಅಲ್ಲಾಡಿಸಿ 'ಲಾ, ಲಾ' ಅಂದ್ರು" ಎಂದು ಹೇಳುವಾಗಲೂ ಅವಳ ಕಣ್ಣು ತುಂಬಿತ್ತು. ನಾನು ತಟ್ಟೆಯನ್ನು ಅವಳ ಕಡೆ ಸರಿಸಿದೆ. ಉಳಿದ ಬೋಂಡಗಳನ್ನು ಇಬ್ಬರೂ ತಿಂದು ಮುಗಿಸಿದೆವು.

ಶನಿವಾರ ಅಬು ಫಹದ್ ಕರೆಸಿದರು. ಜಿಜಾನಿಗೆ ನಮ್ಮ ವಿಭಾಗದ ಸುಡಾನಿನವನೊಬ್ಬ ತಾನೇ ಕೇಳಿಕೊಂಡಿದ್ದಾನೆ, ಒಂಟಿ ಮನುಷ್ಯ, ಅವನೇ ಹೋಗುತ್ತಾನೆ ಎಂದರು. ನಾನು ಕುರ್ಚಿಯ ಬೆನ್ನು ಹಿಡಿದುಕೊಂಡೆ. ಅವರು ಕಾಗದ ಜೋಡಿಸುತ್ತಾ, ನನ್ನ ಮುಖ ನೋಡದೆ, "ನಮ್ಮ ಮನೆಯವರ ಅಪ್ಪಣೆಯಾಗಿದೆ. ದೀಪಕ್ಕೆ ಅಂಗಿ ಹೊಲಿಯುವ ಹೆಣ್ಣುಮಗಳನ್ನು ಗಂಡನಿಂದ ದೂರ ಮಾಡಿದರೆ ನನಗೆ ಮನೆಯಲ್ಲಿ ಕಾಫಿ ಸಿಗುವುದಿಲ್ಲ" ಎಂದರು. ಅಷ್ಟು ದೊಡ್ಡ ಅಧಿಕಾರಿಯೂ 'ನಮ್ಮ ಮನೆಯವರು' ಎಂದೇ ಹೇಳಿದ್ದು ಕೇಳಿ ನನಗೆ ಮೈಸೂರಿನ ಚಿಕ್ಕಪ್ಪನ ಮುಂದೆ ನಿಂತಂತಾಯಿತು. "ಅಂದ ಹಾಗೆ, ಆ ದೀಪಕ್ಕೆ ಹೆಸರೇನು?" ಎಂದು ಕೇಳಿದರು. ಸಂತೋಷ ತಲೆಗೇರಿತ್ತು. ಕ್ಯುಪಿಡ್, ಅಮೋರ್, ಎರೋಸ್, ಮನ್ಮಥ, ಮದನ, ಕಂದರ್ಪ ಎಂದು ನಾನು ಒಂದೇ ಉಸಿರಿಗೆ ಒಪ್ಪಿಸಿದೆ. ಅವರು ಕೈಯೆತ್ತಿ ತಡೆದು, "ಒಂದು ಬಲ್ಬಿಗೆ ಇಷ್ಟು ಸಾಕು" ಎಂದು ಬಾಗಿಲು ತೋರಿಸಿದರು.

ಎದೆಯ ಮೇಲಿನ ಬಂಡೆ ಸರಿದಿತ್ತು. ಮೇಜಿಗೆ ಬಂದವನೇ ಮನೆಗೆ ಫೋನ್ ಮಾಡಿದೆ. ಇಲ್ಲಿ ಒಂದು ಮಾತು ಹೇಳಬೇಕು. ಮದುವೆಯ ದಿನ ಹೊಸಿಲಲ್ಲಿ ಅಡ್ಡಗಟ್ಟಿ ಹೆಸರು ಹೇಳಿಸಿದರಲ್ಲ, ಅದು ಬಿಟ್ಟರೆ ನಾನು ಹೆಂಡತಿಯ ಹೆಸರು ಹಿಡಿದು ಕರೆದವನಲ್ಲ. 'ಇವಳೇ', 'ಕೇಳಿಸ್ತಾ', 'ನೋಡಿಲ್ಲಿ' ಇಷ್ಟರಲ್ಲೇ ನಮ್ಮ ಸಂಸಾರ ಸಾಗಿತ್ತು. ಆದರೆ ಆ ದಿನ ಊರವರ ದೇವರಿಗೆಲ್ಲ ಹೆಸರು ಹೇಳಿ ಬಂದ ನಾಲಿಗೆ. ಅವಳು "ಹಲೋ" ಎಂದ ಕೂಡಲೇ ಗಂಟಲು ಕಟ್ಟಿ ಬಂದು, "ವಿಶಾಲಾಕ್ಷೀ!" ಎಂದುಬಿಟ್ಟೆ. ಮುಂದಿನ ಮಾತು ಹೊರಡಲಿಲ್ಲ, ಬರೀ ಉಸಿರು ಬಿಟ್ಟೆ. ಸಿಕ್ಕ ಸಿಕ್ಕ ಮನೆಗೆ ಫೋನ್ ತಿರುಗಿಸಿ ಹೆಂಗಸರ ದನಿ ಕೇಳಿದರೆ ಪೋಲಿ ಮಾತಾಡುವ ಪಡ್ಡೆಗಳ ಹಾವಳಿ ಆಗ ಆ ಊರಲ್ಲಿ ಬಹಳವಿತ್ತು. ಅದಕ್ಕೆಂದೇ ಖಾದರ್ ಸಾಹೇಬರ ಮನೆಯವರು ಅವಳಿಗೆ 'ರಾಂಗ್ ನಂಬರ್' ಎನ್ನಲು ಒಂದು ಅರಬಿ ಶಬ್ದ ಕಲಿಸಿದ್ದರು. "ಗಲತ್! ಗಲತ್!" ಎಂದು ಕಿವಿ ತೂತಾಗುವಂತೆ ಕೂಗಿ ಅವಳು ಫೋನು ಕುಕ್ಕಿದಳು. ಮತ್ತೆ ಮಾಡಿದರೆ ಎತ್ತಲೇ ಇಲ್ಲ.

ಸಂಜೆ ಮನೆ ಸೇರಿ ಜಿಜಾನ್ ತಪ್ಪಿದ ಸುದ್ದಿ ಹೇಳಿದೆ. ಅವಳು ಅಲ್ಲೇ ಕುಸಿದು ಕೂತು ಅತ್ತಳು, ನಕ್ಕಳು, ಎದ್ದು ಪಾಯಸಕ್ಕೆ ಹಾಲಿಟ್ಟಳು. ಸಾರಿಗೆ ಉಪ್ಪು ಎರಡು ಸಲ ಬಿತ್ತು. ಬಡಿಸುವಾಗ ನೆನಪಾಗಿ ಹೇಳಿದಳು, "ಇವತ್ತು ಯಾವನೋ ಪೋಲಿ ಫೋನ್ ಮಾಡಿದ್ದ ಕಣ್ರೀ. ನನ್ನ ಹೆಸರು ಅವನಿಗೆ ಹೆಂಗೆ ಗೊತ್ತಾಯ್ತೋ! ಅದೇನು ಕೆಟ್ಟ ದನಿ ಅಂತೀರಿ, ಉಸಿರು ಬೇರೆ ಬಿಡ್ತಿದ್ದ. ಸರಿಯಾಗಿ ಉಗಿದೆ."

ನಾನು ಪಾಯಸದ ಬಟ್ಟಲಿನಿಂದ ಕಣ್ಣೆತ್ತಲಿಲ್ಲ.

"ಒಳ್ಳೇದು ಮಾಡಿದೆ" ಎಂದೆ. "ಇನ್ನೊಂದ್ಸಲ ಮಾಡಿದ್ರೆ ನಂಗೆ ಹೇಳು, ವಿಚಾರಿಸ್ಕೋತೀನಿ."